ತುತ್ತಿಗೊಂದು ರೀಲ್ಸ್

"ಮೊಬೈಲ್ ಇಲ್ದೆ ಒಂದು ತುತ್ತೂ ಇಳಿಯಲ್ಲ ಡಾಕ್ಟ್ರೇ." ವಾರಕ್ಕೆ ನಾಲ್ಕೈದು ಸಲವಾದರೂ ಈ ಮಾತು ನನ್ನ ಕಿವಿಗೆ ಬೀಳುತ್ತದೆ. ಹೋದ ತಿಂಗಳು ಹೇಳಿದ್ದು ಒಬ್ಬ ಅಜ್ಜಿ. ಮೊಮ್ಮಗನಿಗೆ ಎರಡೂವರೆ ವರ್ಷ. ತೂಕ ಏರುತ್ತಿಲ್ಲ, ಟಾನಿಕ್ ಬರೆದುಕೊಡಿ ಅಂತ ಬಂದಿದ್ದರು.

ಚೀಲದಲ್ಲಿ ಮೊಸರನ್ನದ ಡಬ್ಬಿ ಇತ್ತು. ಇಲ್ಲೇ ತಿನ್ನಿಸಿ, ನೋಡೋಣ ಅಂದೆ. ಅಜ್ಜಿ ಮೊಬೈಲನ್ನು ನೀರಿನ ಬಾಟಲಿಗೆ ಒರಗಿಸಿದರು. ಹಾಡು ಶುರುವಾಯಿತು. ಹುಡುಗನ ಕಣ್ಣು ಅಲ್ಲೇ ನೆಟ್ಟಿತು. ತುತ್ತು ತುಟಿಗೆ ತಾಗಿದರೆ ಬಾಯಿ ತಾನಾಗಿ ತೆರೆಯುತ್ತಿತ್ತು. ಅಗಿಯುವುದು ಮಾತ್ರ ಇಲ್ಲ. ಅನ್ನ ಕೆನ್ನೆಯಲ್ಲೇ ಕೂತಿತ್ತು. "ನುಂಗು ಕಂದಾ" ಅಂದಾಗಲೆಲ್ಲ ಒಂದಿಷ್ಟು ಒಳಗೆ ಹೋಗುತ್ತಿತ್ತು. ನಡುವೆ ಜಾಹೀರಾತು ಬಂದಿದ್ದೇ ತಡ, ಕಿರುಚಾಟ.

ಹೀಗೆ ತಿನ್ನುವ ಮಗುವಿಗೆ ಬಾಯಲ್ಲಿರುವುದು ಮೊಸರನ್ನವೋ ಉಪ್ಪಿಟ್ಟೋ ಗೊತ್ತಾಗುವುದಿಲ್ಲ. ಹೊಟ್ಟೆ ತುಂಬಿದ್ದೂ ಗೊತ್ತಾಗುವುದಿಲ್ಲ. ಬೆಳವಣಿಗೆ ಚಾರ್ಟ್ ತೆಗೆದು ನೋಡಿದೆ. ಹುಡುಗನ ತೂಕ ವಯಸ್ಸಿಗೆ ಸರಿಯಾಗಿಯೇ ಇತ್ತು. ಟಾನಿಕ್ ಬರೆಯಲಿಲ್ಲ. ಅಜ್ಜಿಗೆ ಸ್ವಲ್ಪ ಬೇಜಾರಾಯಿತು.

ಗಂಟೆಯ ಲೆಕ್ಕ ಎಲ್ಲರಿಗೂ ಗೊತ್ತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ: ವರ್ಷ ತುಂಬದ ಮಕ್ಕಳಿಗೆ ಪರದೆ ಬೇಡವೇ ಬೇಡ, 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಬೇಡ. ನಮ್ಮ ಮಕ್ಕಳ ಡಾಕ್ಟರುಗಳ ಸಂಘ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಪ್ರಕಾರ 2 ವರ್ಷದೊಳಗಿನವರಿಗೆ ನೆಂಟರ ವಿಡಿಯೋ ಕಾಲ್ ಬಿಟ್ಟರೆ ಬೇರೇನೂ ಬೇಡ. ಸರಿಯೇ. ಆದರೆ ಇದನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಏನಾಗುತ್ತದೆ ಅಂತಲೂ ನೋಡಿದ್ದೇನೆ. ಮುಂದಿನ ಸಲ ಬಂದು "ಒಂದೇ ಗಂಟೆ ಡಾಕ್ಟ್ರೇ" ಅನ್ನುತ್ತಾರೆ. ಪಕ್ಕದಲ್ಲಿ ಮಗು ಸಲೀಸಾಗಿ ಜಾಹೀರಾತು ಸ್ಕಿಪ್ ಮಾಡುತ್ತಿರುತ್ತದೆ.

ಅದಕ್ಕೇ ನಾನೀಗ ಬೇರೆ ಪ್ರಶ್ನೆ ಕೇಳುತ್ತೇನೆ. ಯಾವ ಹೊತ್ತಿನಲ್ಲಿ ಮೊಬೈಲ್ ಕೊಡ್ತೀರಿ, ಆಗ ಮನೆಯಲ್ಲಿ ಯಾರು ಏನು ಮಾಡ್ತಿರ್ತಾರೆ? ಅಜ್ಜಿ ಹೇಳಿದರು. ಮಗ, ಸೊಸೆ ಎಂಟಕ್ಕೆಲ್ಲ ಕೆಲಸಕ್ಕೆ ಹೊರಡುತ್ತಾರೆ. ಅಜ್ಜಿಗೆ ಮಂಡಿನೋವು. ಹುಡುಗ ತಟ್ಟೆ ಕಂಡರೆ ಓಡುತ್ತಾನೆ, ಹಿಂದೆ ಓಡಲು ಇವರಿಗೆ ಆಗುವುದಿಲ್ಲ. ಮೊಬೈಲ್ ಕೊಟ್ಟರೆ ಕೂತಲ್ಲೇ ಕೂರುತ್ತಾನೆ. ಅಂದರೆ ಆ ಮೊಬೈಲ್ ಅಜ್ಜಿಯ ಮಂಡಿಗೆ ಸಿಕ್ಕ ಔಷಧಿ. ಅದನ್ನು ಸುಮ್ನೆ ಕಿತ್ತುಕೊಂಡರೆ ಎರಡು ದಿನವೂ ನಡೆಯದು.

ಹಾಗಾಗಿ ಬೆಳಗಿನ ಹೊತ್ತು ಮುಟ್ಟಲಿಲ್ಲ. ರಾತ್ರಿಯ ಊಟ ಮಾತ್ರ ಹಿಡಿದೆವು. ಆಗ ಮೂವರು ದೊಡ್ಡವರೂ ಮನೆಯಲ್ಲಿರುತ್ತಾರೆ. ಎಲ್ಲರ ಮೊಬೈಲೂ ಫ್ರಿಜ್ ಮೇಲೆ. ಹುಡುಗನಿಗೆ ಬೇರೆ ತಟ್ಟೆ. ಮುದ್ದೆಯನ್ನು ಸಣ್ಣ ಸಣ್ಣ ಉಂಡೆ ಮಾಡಿ ಇಡಿ, ತಾನೇ ಸಾರಿಗೆ ಅದ್ದಿಕೊಳ್ಳಲಿ. ಚೆಲ್ಲಿದರೆ ಚೆಲ್ಲಲಿ. ಅರ್ಧ ಗಂಟೆ ಆಯಿತಾ, ಬೈಯದೆ ತಟ್ಟೆ ಎತ್ತಿಡಿ. ಹಿಂದೆಯೇ ಬಿಸ್ಕೆಟ್ ಕೊಡಬೇಡಿ. ಆರೋಗ್ಯವಾಗಿರುವ ಮಗು ಒಂದು ರಾತ್ರಿ ಕಡಿಮೆ ತಿಂದರೆ ಸೊರಗುವುದಿಲ್ಲ.

ಅಳು ಬರುತ್ತದೆ. ಮೊದಲ ಮೂರ್ನಾಲ್ಕು ದಿನ ಇನ್ನೂ ಜೋರಾಗುತ್ತದೆ. ಇಷ್ಟು ದಿನ ಅತ್ತರೆ ಸಿಗುತ್ತಿತ್ತಲ್ವಾ, ಈಗ ಸಿಗದಿದ್ದರೆ ದನಿ ಏರಿಸದೆ ಇನ್ನೇನು ಮಾಡೀತು? ಮೂರನೇ ದಿನ ಸೋತು ಕೊಟ್ಟರೆ ಮೂರು ದಿನ ಅಳಬೇಕು ಅಂತ ಕಲಿಯುತ್ತದೆ. ಆದ್ದರಿಂದ ಹಬ್ಬ, ನೆಂಟರು, ಜ್ವರ ಇರುವ ವಾರ ಶುರುಮಾಡಲೇಬೇಡಿ.

ಶಾಲೆಗೆ ಹೋಗುವ ಮಕ್ಕಳದ್ದು ಬೇರೆ ಕಥೆ, ಹೋಮ್‌ವರ್ಕ್ ಕೂಡ ವಾಟ್ಸಾಪ್‌ಗೇ ಬರುತ್ತದೆ. ಅವರ ಮಟ್ಟಿಗೆ ಎರಡೇ ಹೇಳುತ್ತೇನೆ: ಯೂಟ್ಯೂಬ್‌ನಲ್ಲಿ ಆಟೋಪ್ಲೇ ಆಫ್ ಮಾಡಿ, ರಾತ್ರಿ ಮೊಬೈಲ್ ಮಲಗುವ ಕೋಣೆಯ ಹೊರಗೇ ಚಾರ್ಜ್ ಆಗಲಿ. ರಾತ್ರಿಯಿಡೀ ಗೇಮ್ ಆಡಿ ಶಾಲೆಯನ್ನೇ ಬಿಟ್ಟ ಹುಡುಗರಿಗೆ ಇದು ಸಾಲದು. ಅಂಥವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಲ್ಲಿ ಶಟ್ ಕ್ಲಿನಿಕ್ ಶುರುವಾಯಿತು, ಮೊಬೈಲ್, ಗೇಮ್ ಗೀಳಿಗೆ ಚಿಕಿತ್ಸೆ ಕೊಡುವ ಕ್ಲಿನಿಕ್ ಅದು.

ಮೂರು ವಾರ ಬಿಟ್ಟು ಅಜ್ಜಿ ಬಂದರು. ರಾತ್ರಿ ಮೊಬೈಲ್ ಕೇಳುವುದಿಲ್ಲವಂತೆ, ಸಾರು ನೆಲಕ್ಕೆಲ್ಲ ಬಳಿಯುತ್ತಾನಂತೆ. ಆಮೇಲೆ ದನಿ ತಗ್ಗಿಸಿ, "ಬೆಳಗ್ಗೆ ಇನ್ನೂ ಮೊಬೈಲೇ ಡಾಕ್ಟ್ರೇ" ಅಂದರು. ಇರಲಿ ಬಿಡಿ ಅಂದೆ. ಮೂಳೆ ಡಾಕ್ಟರ ಹತ್ತಿರ ಮಂಡಿ ತೋರಿಸಿಕೊಳ್ಳಲು ಚೀಟಿ ಬರೆದುಕೊಟ್ಟೆ.