ಪೆಟ್ಟು ತೊಡೆಗೆ, ಸೋತದ್ದು ಕಿಡ್ನಿ

ಪ್ರಶ್ನೆ: ನಮ್ಮ ಭಾವ ಶಹಾಬಾದ್ ಹತ್ತಿರದ ಕಲ್ಲುಗಣಿಯಲ್ಲಿ ಕೆಲಸ ಮಾಡುತ್ತಾರೆ. ಚಪ್ಪಡಿ ಜಾರಿ ಎರಡೂ ತೊಡೆಗಳ ಮೇಲೆ ಬಿತ್ತು. ಕಲ್ಲು ಎತ್ತುವವರೆಗೂ, ಕಲಬುರಗಿಗೆ ಕರೆತಂದಾಗಲೂ ಮಾತನಾಡುತ್ತಲೇ ಇದ್ದರು. ಮೂರನೆಯ ದಿನ ಉಸಿರಾಟಕ್ಕೆ ಯಂತ್ರ ಹಾಕಿದರು, ಕಿಡ್ನಿ ನಿಂತಿದೆ ಎಂದು ಡಯಾಲಿಸಿಸ್ ಶುರುಮಾಡಿದರು. ತೊಡೆಯ ಪೆಟ್ಟು ಅಲ್ಲಿಗೆ ಹೇಗೆ ಹೋಯಿತು? ನಂಜು ಏರಿತೇ?

ಉತ್ತರ: ಕಡತ ನೋಡದೆ ನಿಮ್ಮ ಭಾವನವರಿಗೆ ಹೀಗೇ ಆಯಿತು ಎನ್ನಲಾರೆ. ಆದರೆ ಇಂಥ ಪೆಟ್ಟಿನಲ್ಲಿ ಸಾಮಾನ್ಯವಾಗಿ ಏರುವುದು ನಂಜೇ, ಹೊರಗಿನಿಂದ ಬಂದದ್ದಲ್ಲ ಅಷ್ಟೆ. ಜ್ವರ, ಓಡುವ ನಾಡಿ, ಏದುಸಿರು, ಏರಿದ ಬಿಳಿ ರಕ್ತಕಣ ಎಲ್ಲವೂ ಇರುತ್ತವೆ. ರಕ್ತದಲ್ಲಿ ರೋಗಾಣು ಹುಡುಕಿದರೆ ಮೊದಲ ದಿನಗಳಲ್ಲಿ ಬಹಳ ಸಲ ಒಂದೂ ಸಿಗುವುದಿಲ್ಲ.

ಜಜ್ಜಿದ ಸ್ನಾಯುವಿನಲ್ಲಿ ಲೆಕ್ಕವಿಲ್ಲದಷ್ಟು ಜೀವಕೋಶಗಳು ಒಡೆಯುತ್ತವೆ. ಒಳಗಿದ್ದ ಮೈಟೊಕಾಂಡ್ರಿಯಗಳ ಚೂರು ರಕ್ತಕ್ಕೆ ಇಳಿಯುತ್ತದೆ. ಕೋಶಕ್ಕೆ ಶಕ್ತಿ ಒದಗಿಸುವ ಇವು ನೂರು ಕೋಟಿಗೂ ಹೆಚ್ಚು ವರ್ಷಗಳ ಹಿಂದೆ ಬ್ಯಾಕ್ಟೀರಿಯಗಳೇ ಆಗಿದ್ದವು. ಎಷ್ಟೋ ತಲೆಮಾರು ನಮ್ಮ ಮನೆಯಲ್ಲೇ ಕಳೆದರೂ ತವರಿನ ಚಹರೆ ಬಿಟ್ಟಿಲ್ಲ. ಕೋಶದ ಒಳಗಿರುವಷ್ಟು ದಿನ ಯಾರೂ ಅದನ್ನು ಗಮನಿಸುವುದಿಲ್ಲ. ಹೊರಬಿದ್ದರೆ ಬಿಳಿ ರಕ್ತಕಣಗಳು ಶತ್ರು ನುಗ್ಗಿದನೆಂದೇ ತಿಳಿಯುತ್ತವೆ. ತೀವ್ರ ಗಾಯಾಳುಗಳ ರಕ್ತದಲ್ಲಿ ಈ ಮೈಟೊಕಾಂಡ್ರಿಯದ ಡಿಎನ್‌ಎ ವಿಪರೀತ ಹೆಚ್ಚಿರುವುದನ್ನು 2010ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು.

ಸಣ್ಣ ಗಾಯವಾದರೆ ಈ ಗದ್ದಲ ಅಲ್ಲಲ್ಲೇ ಮುಗಿಯುತ್ತದೆ, ಅದನ್ನೇ ಬಾವು ಎನ್ನುತ್ತೇವೆ. ದೊಡ್ಡ ಗಾಯದಲ್ಲಿ ಇಡೀ ಮೈಯೇ ಬಾವಿನ ಜಾಗ. ಅತಿ ಸಣ್ಣ ರಕ್ತನಾಳಗಳಾದ ಲೋಮನಾಳಗಳ ಒಳಗೋಡೆಗೆ ಲೋಳೆಯಂಥ ಲೇಪವೊಂದಿದೆ. ಅದು ಉದುರಿದರೆ ರಕ್ತದ ನೀರು ಹೊರಕ್ಕೆ ಸೋರುತ್ತದೆ. ಮನೆಯವರ ಕಣ್ಣಿಗೆ ಮೊದಲು ಬೀಳುವುದು ರೋಗಿಯ ಕೈ: ಪೆಟ್ಟೇ ಬೀಳದ ಬೆರಳು ಊದಿ, ಉಂಗುರ ಕಚ್ಚಿಕೊಂಡು, ಕೊನೆಗೆ ಉಂಗುರವನ್ನೇ ಕತ್ತರಿಸಿ ತೆಗೆಯಬೇಕಾಗುತ್ತದೆ. ಅದೇ ಸೋರಿಕೆ ಶ್ವಾಸಕೋಶದ ಗಾಳಿಚೀಲಗಳಲ್ಲಿ ಆದರೆ ವೆಂಟಿಲೇಟರ್. ಮೈಯ ರಕ್ತವೆಲ್ಲ ಶ್ವಾಸಕೋಶವನ್ನು ಹಾದೇ ಹೋಗಬೇಕಾದ್ದರಿಂದ ಬಹಳ ಸಲ ಮೊದಲು ಸೋಲುವುದೂ ಅದೇ.

ಕಿಡ್ನಿಗೆ ಎರಡು ಕಡೆಯಿಂದ ಏಟು. ನೀರು ಸೋರಿ, ರಕ್ತ ಹೋಗಿ, ಅದಕ್ಕೆ ಸಿಗಬೇಕಾದ ರಕ್ತ ಕಡಿಮೆಯಾಗುತ್ತದೆ. ಜಜ್ಜಿದ ಸ್ನಾಯುವಿನ ಮಯೊಗ್ಲೋಬಿನ್ ಎಂಬ ಕೆಂಬಣ್ಣದ ಪ್ರೋಟೀನು ಕಿಡ್ನಿಯ ಸೂಕ್ಷ್ಮ ಕೊಳವೆಗಳಲ್ಲಿ ಕಟ್ಟಿಕೊಳ್ಳುತ್ತದೆ. ಆಗ ಮೂತ್ರದ ಚೀಲದಲ್ಲಿ ಇಳಿಯುವುದು ಹಾಲು ಹಾಕದ ಚಹಾದ ಬಣ್ಣ. 1941ರಲ್ಲಿ ಲಂಡನ್‌ನ ಬಾಂಬ್ ದಾಳಿಯಲ್ಲಿ ಅವಶೇಷಗಳಡಿ ಸಿಕ್ಕವರು ಹೊರಬಂದಾಗ ಚೆನ್ನಾಗಿಯೇ ಇದ್ದು, ಕೆಲವೇ ದಿನಗಳಲ್ಲಿ ಕಿಡ್ನಿ ಸೋತು ಸತ್ತದ್ದನ್ನು ಬೈವಾಟರ್ಸ್ ಮತ್ತು ಬೀಲ್ ಎಂಬ ವೈದ್ಯರು ದಾಖಲಿಸಿದರು. ಒತ್ತಿಹಿಡಿದ ಕಾಲಿಗೆ ರಕ್ತ ಸರಿಯಾಗಿ ಹರಿಯುವುದಿಲ್ಲ. ಕಲ್ಲು ಎತ್ತಿದೊಡನೆ ಅಲ್ಲಿ ತುಂಬಿದ್ದೆಲ್ಲ ಮೈಗೆ ಹರಿಯುತ್ತದೆ. ಆದ್ದರಿಂದ ಸಾಧ್ಯವಿದ್ದರೆ ಕಲ್ಲು ಎತ್ತುವ ಮೊದಲೇ ಸಲೈನ್ ಶುರುಮಾಡಬೇಕು ಎನ್ನುವುದು. ಗಣಿಯ ಗುಂಡಿಯಲ್ಲಿ ಅದೆಷ್ಟು ಸಾಧ್ಯ ಎಂಬುದು ನನಗೂ ಗೊತ್ತು, ನಿಮಗೂ ಗೊತ್ತು.

ಮೈತುಂಬ ಹರಡಿದ ಈ ಬಾವಿನ ಉರಿಯನ್ನು ಔಷಧ ಕೊಟ್ಟು ಅಡಗಿಸಿಬಿಡಬಾರದೇ ಎಂದು ಕೇಳುವವರಿದ್ದಾರೆ. ತಲೆಗೆ ಪೆಟ್ಟಾದ ಹತ್ತು ಸಾವಿರ ಜನರ ಮೇಲೆ ಬಾವು ಅಡಗಿಸುವ ಸ್ಟೀರಾಯ್ಡ್ ಔಷಧದ ಪರೀಕ್ಷೆ ನಡೆಯಿತು. 2004ರಲ್ಲಿ ಬಂದ ಫಲಿತಾಂಶ: ಸಾವು ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಅಬ್ಬರದ ಬೆನ್ನಿಗೇ ರೋಗನಿರೋಧಕ ಶಕ್ತಿ ದಣಿದು ಮಲಗುತ್ತದೆ, ನಿಜವಾದ ಸೋಂಕು ಬರುವುದು ಆಗ. ಹೀಗಾಗಿ ಉಳಿದ ದಾರಿ ರಕ್ತಸ್ರಾವವನ್ನು ಬೇಗ ನಿಲ್ಲಿಸುವುದು, ರಕ್ತ ಕೊಡುವುದು, ಮೈ ಬೆಚ್ಚಗಿಡುವುದು. ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ ಚುಚ್ಚುಮದ್ದು ರಕ್ತ ಹೋಗುತ್ತಿರುವವರಿಗೆ ಮೂರು ಗಂಟೆಯೊಳಗೆ ಸಿಕ್ಕರೆ ಉಪಯುಕ್ತ, ಆಮೇಲೆ ಕೊಟ್ಟರೆ ಹಾನಿಯೂ ಆಗಬಹುದು. ನಮ್ಮ ಕಡೆ ಗಾಯಾಳುವಿನ ತಲೆಗೆ ಕೊಡಗಟ್ಟಲೆ ನೀರು ಸುರಿಯುವ ರೂಢಿಯಿದೆ. ದಯವಿಟ್ಟು ಬೇಡ. ತಣ್ಣಗಾದ ಮೈಯಲ್ಲಿ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಮೇ ತಿಂಗಳ ಬಿಸಿಲಾದರೂ ಸರಿ, ನೆರಳಿಗೆ ತಂದು ಒಂದು ಕೌದಿ ಹೊದಿಸಿ, 108ಕ್ಕೆ ಕರೆ ಮಾಡಿ.

ಭಾವನವರ ಕಡತದಲ್ಲಿ ಸ್ನಾಯು ಎಷ್ಟು ಒಡೆದಿದೆ ಎಂದು ತೋರಿಸುವ ಸಿಪಿಕೆ ಎಂಬ ರಕ್ತಪರೀಕ್ಷೆ ಇದೆಯೇ ಕೇಳಿ. ಇನ್ನೂರರ ಆಸುಪಾಸಿನಲ್ಲಿರಬೇಕಾದ ಆ ಅಂಕಿ 5,000 ದಾಟಿದ್ದರೆ ಕಿಡ್ನಿಯ ಕಥೆ ತೊಡೆಯಿಂದಲೇ ಶುರುವಾಗಿರುವ ಸಾಧ್ಯತೆ ಹೆಚ್ಚು. ಇಂಥ ಕಿಡ್ನಿ ಮೊದಲು ಆರೋಗ್ಯವಾಗಿದ್ದದ್ದಾದರೆ, ಬದುಕುಳಿದ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತದೆ. ದಿನಾ ಎಷ್ಟು ಮಿಲಿಲೀಟರ್ ಮೂತ್ರ ಬಂತೆಂದು ದಾದಿಯರನ್ನು ಕೇಳುತ್ತಿರಿ.