ಓದುಗರ ಪ್ರಶ್ನೆ: ‘ಜಸ್ಟ್’ ಅಂದರೆ ‘ಈಗ ತಾನೇ’ನಾ, ‘ಸುಮ್ನೆ’ನಾ?

ಪ್ರಶ್ನೆ: ‘ಜಸ್ಟ್’ ಅಂದರೆ ‘ಈಗ ತಾನೇ’ ಎಂದು ಶಾಲೆಯಲ್ಲಿ ಕಲಿತಿದ್ದೆ. ಮೊನ್ನೆ ಒಬ್ಬರು ‘ಐ ಜಸ್ಟ್ ವಾಂಟೆಡ್ ಟು ಆಸ್ಕ್’ ಎಂದು ಮೇಲ್ ಶುರು ಮಾಡಿದ್ದರು. ಅಂದರೆ ‘ಈಗ ತಾನೇ ಕೇಳಬೇಕು ಅನ್ನಿಸಿತು’ ಅಂತಾನಾ? ಇಂಗ್ಲಿಷ್ ಮಾತಾಡುವವರ ಬಾಯಲ್ಲಿ ಈ ಪದ ಮಾತುಮಾತಿಗೂ ಬರುತ್ತದೆ, ಪ್ರತಿ ಸಲ ಬೇರೆ ಅರ್ಥ ಇದ್ದ ಹಾಗೆ ಕೇಳಿಸುತ್ತದೆ. ಕನ್ನಡದಲ್ಲಿ ಇದಕ್ಕೆ ಸರಿಯಾದ ಪದ ಯಾವುದು?

ಉತ್ತರ: ಒಂದೇ ಪದ ಇಲ್ಲ. ‘ಈಗ ತಾನೇ’, ‘ಬರೀ’, ‘ಸುಮ್ನೆ’, ‘ಅಷ್ಟೇ’, ‘ಸರಿಯಾಗಿ’, ‘ಸ್ವಲ್ಪದರಲ್ಲಿ’, ‘ಥೇಟ್’, ‘ಇನ್ನೇನು’ – ಇಷ್ಟೂ ಮಂದಿ ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ‘ಜಸ್ಟ್’ ಒಂದೇ ಮಾಡುತ್ತದೆ. ಹಾಗಾಗಿ ಪದಕ್ಕೆ ಪದ ಹುಡುಕಿದರೆ ಕೆಲಸ ಕೆಡುತ್ತದೆ. ಈ ಜಾಗದಲ್ಲಿ ನಾನಾಗಿದ್ದರೆ ಕನ್ನಡದಲ್ಲಿ ಏನು ಹೇಳುತ್ತಿದ್ದೆ ಅಂತ ಕೇಳಿಕೊಂಡರೆ ಅರ್ಥ ತಾನಾಗಿ ಸಿಗುತ್ತದೆ.

ಇಷ್ಟೊಂದು ಅರ್ಥ ಒಂದೇ ಪದಕ್ಕೆ ಹೇಗೆ ಬಂತು? ‘ಜಸ್ಟ್’ ಮೂಲದಲ್ಲಿ ನ್ಯಾಯದ ಪದ. ಲ್ಯಾಟಿನ್ನಿನ ‘ಯೂಸ್’ ಅಂದರೆ ಕಾನೂನು, ಹಕ್ಕು. ಅದರಿಂದ ‘ಯುಸ್ತುಸ್’, ಅಂದರೆ ನ್ಯಾಯವಾದದ್ದು. ಅದು ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂತು. ‘ಜಸ್ಟಿಸ್’ ಇದರ ಒಡಹುಟ್ಟು. ಈಗಲೂ ‘ಎ ಜಸ್ಟ್ ಕಿಂಗ್’ ಅಂದರೆ ನ್ಯಾಯವಂತ ರಾಜ, ‘ಬರೀ ಒಬ್ಬ ರಾಜ’ ಅಲ್ಲ. ನ್ಯಾಯವಾದದ್ದು ಅಂದರೆ ಸರಿಯಾದದ್ದು, ತಕ್ಕ ಅಳತೆಯದ್ದು. 1400ರ ಆಸುಪಾಸಿನಲ್ಲಿ ಅದು ‘ಸರಿಯಾಗಿ, ಕರಾರುವಾಕ್ಕಾಗಿ’ ಎಂಬ ಅರ್ಥಕ್ಕೆ ತಿರುಗಿತು. ಅಲ್ಲಿಂದ ಮುಂದಕ್ಕೆ ದಾರಿ ಸಲೀಸು. ಸರಿಯಾಗಿ ಇಷ್ಟೇ, ಇದಕ್ಕಿಂತ ಜಾಸ್ತಿ ಇಲ್ಲ ಅಂದರೆ ‘ಬರೀ’. ಸರಿಯಾಗಿ ಗೆರೆಯ ಮೇಲೆ ನಿಂತಿದೆ ಅಂದರೆ ‘ಸ್ವಲ್ಪದರಲ್ಲಿ’. ಸರಿಯಾಗಿ ಈ ಗಳಿಗೆಗೆ ಅಂದರೆ ‘ಈಗ ತಾನೇ’. ‘ಬರೀ’ ಎಂಬ ಅರ್ಥ 17ನೇ ಶತಮಾನದ ಹೊತ್ತಿಗೆ ಬಳಕೆಗೆ ಬಂದಿತ್ತು. ಇವತ್ತು ನಮ್ಮ ತಲೆ ತಿನ್ನುವುದು ಬಹುಪಾಲು ಇದೇ ಅರ್ಥ.

ಮೊದಲು ನಿಮಗೆ ಗೊತ್ತಿರುವ ‘ಈಗ ತಾನೇ’ಯನ್ನೇ ನೋಡೋಣ. ‘ಈಗ ತಾನೇ ಊಟ ಮಾಡಿದೆ’ ಎನ್ನುವುದನ್ನು ಬ್ರಿಟನ್ನಿನವರು ಸಾಮಾನ್ಯವಾಗಿ ‘ಐ ಹ್ಯಾವ್ ಜಸ್ಟ್ ಈಟನ್’ ಅನ್ನುತ್ತಾರೆ. ಅಮೆರಿಕದವರು ‘ಐ ಜಸ್ಟ್ ಏಟ್’ ಅಂದುಬಿಡುತ್ತಾರೆ. ಎರಡೂ ಸರಿ. ನಮ್ಮ ‘ಮಾಡಿದೆ’ಗೆ ಅಮೆರಿಕದ್ದೇ ಹತ್ತಿರ, ಆದರೂ ಶಾಲೆಯ ವ್ಯಾಕರಣ ಮೊದಲನೆಯದನ್ನೇ ಹೇಳಿಕೊಡುತ್ತದೆ. ‘ಜಸ್ಟ್ ನೌ’ ಬಂದರೆ ಮಾತ್ರ ಸಾದಾ ಭೂತಕಾಲವೇ ಸರಿ ಹೊಂದುವುದು: ‘ಹಿ ಲೆಫ್ಟ್ ಜಸ್ಟ್ ನೌ’.

ಇಲ್ಲೊಂದು ತಮಾಷೆ ಇದೆ. ದಕ್ಷಿಣ ಆಫ್ರಿಕಾದ ಇಂಗ್ಲಿಷಿನಲ್ಲಿ ‘ಐ ವಿಲ್ ಡು ಇಟ್ ಜಸ್ಟ್ ನೌ’ ಅಂದರೆ ‘ಈಗಲೇ’ ಅಲ್ಲ, ‘ಆಮೇಲೆ ಯಾವಾಗಲೋ ಮಾಡ್ತೀನಿ’ ಅಂತ. ಬೇಗ ಮಾಡುವುದಾದರೆ ‘ನೌ ನೌ’ ಅನ್ನುತ್ತಾರೆ. ಗೊತ್ತಿಲ್ಲದವರು ಕಾದು ಕಾದು ಸುಸ್ತಾಗಬೇಕು ಅಷ್ಟೇ.

ಕನ್ನಡಿಗರು ಎಡವುವ ಜಾಗ ಬೇರೆ. ‘ಐ ಕೇಮ್ ಜಸ್ಟ್ ನೌ ಓನ್ಲಿ’ ಅನ್ನುತ್ತೇವಲ್ಲ, ಆ ‘ಓನ್ಲಿ’ ಎಲ್ಲಿಂದ ಬಂತು? ‘ಈಗ ತಾನೇ’ಯ ಕೊನೆಯಲ್ಲಿರುವ ‘ಏ’ಯಿಂದ. ಕನ್ನಡದಲ್ಲಿ ಒತ್ತಿ ಹೇಳಲು ‘ಏ’ ಹಚ್ಚುತ್ತೇವೆ: ಇಲ್ಲೇ, ನಾನೇ, ಈಗಲೇ. ಇಂಗ್ಲಿಷ್ ಮಾತಾಡುವಾಗ ಆ ಒತ್ತು ಎಲ್ಲಿ ಹೋಯಿತು ಅಂತ ಬಾಯಿ ತಡಕಾಡುತ್ತದೆ, ಸಿಕ್ಕಿದ ‘ಓನ್ಲಿ’ಯನ್ನು ತಂದು ಕೊನೆಗೆ ಅಂಟಿಸುತ್ತದೆ. ಅಲ್ಲಿ ‘ಜಸ್ಟ್’ ಆಗಲೇ ಆ ಕೆಲಸ ಮಾಡಿರುತ್ತದೆ. ಎರಡನೆಯ ಆಳು ಬೇಕಿಲ್ಲ.

ಇನ್ನು ‘ಸ್ವಲ್ಪದರಲ್ಲಿ’. ಈ ಅರ್ಥವನ್ನು ನಾವು ಇಂಗ್ಲಿಷಿನಿಂದ ಎತ್ತಿಕೊಂಡು ಕನ್ನಡದ್ದೇ ಮಾಡಿಕೊಂಡಿದ್ದೇವೆ. ‘ಜಸ್ಟ್ ಮಿಸ್ಸು!’ ‘ಅವನು ಜಸ್ಟ್ ಪಾಸು.’ ಕನ್ನಡದ ವಾಕ್ಯದೊಳಗೆ ಇವು ಗಟ್ಟಿಯಾಗಿ ಕೂತಿವೆ, ಚೆನ್ನಾಗಿಯೂ ಇವೆ. ಆದರೆ ಇದನ್ನೇ ವಾಪಸ್ ಇಂಗ್ಲಿಷಿಗೆ ಒಯ್ದರೆ ತೊಡಕು. ‘ಹಿ ಜಸ್ಟ್ ಪಾಸ್ಡ್ ದ ಎಕ್ಸಾಮ್’ ಅಂದರೆ ಕೇಳುವವರಿಗೆ ಎರಡು ಅರ್ಥ ಕಾಣುತ್ತದೆ: ಈಗಷ್ಟೇ ಪಾಸಾದ, ಇಲ್ಲವೇ ಹೇಗೋ ಏದುಸಿರು ಬಿಟ್ಟುಕೊಂಡು ಪಾಸಾದ. ‘ಓನ್ಲಿ ಜಸ್ಟ್’ ಅಂದರೂ ಅನುಮಾನ ಹೋಗುವುದಿಲ್ಲ, ಅದಕ್ಕೂ ಎರಡೂ ಅರ್ಥ ಉಂಟು. ಏದುಸಿರಿನದ್ದೇ ಹೇಳಬೇಕು ಅಂದರೆ ‘ಬೇರ್ಲಿ’ ಬಳಸಿ. ಅನುಮಾನಕ್ಕೆ ಜಾಗ ಇರುವುದಿಲ್ಲ, ಪಾಸಾದವನ ಮರ್ಯಾದೆಗೂ ಇರುವುದಿಲ್ಲ.

‘ಬರೀ’ ಅರ್ಥಕ್ಕೆ ಬಂದರೆ, ಪದ ಎಲ್ಲಿ ಕೂತಿದೆ ಎನ್ನುವುದೇ ಮುಖ್ಯ. ‘ಐ ಟೋಲ್ಡ್ ಹರ್ ದ ಟ್ರುತ್’ ಎಂಬ ವಾಕ್ಯ ತೆಗೆದುಕೊಳ್ಳಿ. ಅವಳಿಗೆ ನಿಜ ಹೇಳಿದೆ. ಇದರೊಳಗೆ ‘ಜಸ್ಟ್’ ಅನ್ನು ಓಡಾಡಿಸಿ ನೋಡಿ. ‘ಐ ಟೋಲ್ಡ್ ಜಸ್ಟ್ ಹರ್ ದ ಟ್ರುತ್’ ಅಂದರೆ ಅವಳೊಬ್ಬಳಿಗೆ ಮಾತ್ರ ಹೇಳಿದ್ದು, ಬೇರೆ ಯಾರಿಗೂ ಇಲ್ಲ. ‘ಐ ಟೋಲ್ಡ್ ಹರ್ ಜಸ್ಟ್ ದ ಟ್ರುತ್’ ಅಂದರೆ ಇದ್ದದ್ದನ್ನಷ್ಟೇ ಹೇಳಿದ್ದು, ಉಪ್ಪುಖಾರ ಹಚ್ಚಲಿಲ್ಲ. ‘ಐ ಜಸ್ಟ್ ಟೋಲ್ಡ್ ಹರ್ ದ ಟ್ರುತ್’ ಅಂದರೆ? ಈಗ ತಾನೇ ಹೇಳಿದೆ ಅಂತಲೂ ಆಗಬಹುದು. ‘ನಾನೇನು ಮಾಡಿದೆ ಅಂತ ಇಷ್ಟು ಕೋಪ? ನಿಜ ಹೇಳಿದೆ, ಅಷ್ಟೇ’ ಅಂತಲೂ ಆಗಬಹುದು. ಯಾವುದು ಅಂತ ಹೇಳುವ ದನಿಯಿಂದ, ಹಿಂದಿನ ಮಾತಿನಿಂದ ತಿಳಿಯಬೇಕು. ನಮ್ಮ ‘ಅಷ್ಟೇ’ ಕೊನೆಯಲ್ಲಿ ಬರುತ್ತದೆ, ಅವರ ‘ಜಸ್ಟ್’ ತಾನು ಹಿಡಿಯಬೇಕಾದ ಪದಕ್ಕಿಂತ ಮೊದಲೇ ನಿಲ್ಲುತ್ತದೆ. ಅದಕ್ಕೇ ‘ಐ ಟೋಲ್ಡ್ ಹರ್, ಜಸ್ಟ್’ ಅಂದರೆ ವಾಕ್ಯ ಅರ್ಧಕ್ಕೆ ಕಡಿದ ಹಾಗೆ ಕೇಳಿಸುತ್ತದೆ. ಎದುರಿನವರು ಮುಂದೇನು ಅಂತ ಕಾಯುತ್ತಾರೆ.

‘ಇಲ್ಲ’ ಸೇರಿಕೊಂಡರೆ ಇನ್ನೂ ಸೊಗಸು. ಇದು ನನಗೆ ತುಂಬಾ ಇಷ್ಟವಾದ ಜೋಡಿ: ‘ಐ ಕುಡಂಟ್ ಜಸ್ಟ್ ಲೀವ್’, ‘ಐ ಜಸ್ಟ್ ಕುಡಂಟ್ ಲೀವ್’. ಎರಡು ಪದ ಅದಲುಬದಲಾಗಿದೆ, ಮಿಕ್ಕಿದ್ದೆಲ್ಲ ಹಾಗೇ ಇದೆ. ಮೊದಲನೆಯದು ‘ಸುಮ್ನೆ ಹಾಗೇ ಎದ್ದು ಬರೋಕೆ ಆಗುತ್ತಾ?’ ಎನ್ನುವ ಮಾತು. ಹೇಳಿಯಾದರೂ ಬರಬೇಕಲ್ವಾ ಎಂಬ ಸಂಕೋಚ ಅದರಲ್ಲಿದೆ. ಎರಡನೆಯದು ‘ಏನು ಮಾಡಿದರೂ ಹೊರಡೋಕೆ ಆಗಲೇ ಇಲ್ಲ’ ಎನ್ನುವುದು. ಕಾಲೇ ಏಳಲಿಲ್ಲ. ಒಂದರಲ್ಲಿ ‘ಸುಮ್ನೆ’, ಇನ್ನೊಂದರಲ್ಲಿ ‘ಆಗಲೇ ಇಲ್ಲ’ದ ‘ಏ’. ಇಂಗ್ಲಿಷಿನವರು ಎರಡಕ್ಕೂ ಒಂದೇ ಪದ ಇಟ್ಟುಕೊಂಡು ಹೇಗೆ ನಿಭಾಯಿಸುತ್ತಾರೆ ಅಂತ ಆಶ್ಚರ್ಯ ಆಗುತ್ತದೆ. ನಿಭಾಯಿಸುವುದು ಜಾಗದಿಂದ, ಮತ್ತು ದನಿಯಿಂದ.

ಈ ದನಿಯ ವಿಷಯದಲ್ಲಿ ನಾನೇ ಒಮ್ಮೆ ಬೈಸಿಕೊಂಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸತು. ಹಿರಿಯರೊಬ್ಬರಿಗೆ ಒಂದು ವರದಿ ಕಳಿಸಿ, ಕೆಳಗೆ ‘ಯೂ ಜಸ್ಟ್ ಚೆಕ್ ಇಟ್’ ಎಂದು ಬರೆದೆ. ನನ್ನ ಮನಸ್ಸಿನಲ್ಲಿ ಇದ್ದದ್ದು ‘ಸುಮ್ನೆ ಒಂದ್ಸಲ ನೋಡಿ’. ಕನ್ನಡದಲ್ಲಿ ಅದಕ್ಕಿಂತ ಮೆತ್ತಗಿನ ಮಾತು ಇಲ್ಲ. ಅವರಿಗೆ ಅದು ‘ನೀನು ಬಾಯಿ ಮುಚ್ಚಿಕೊಂಡು ನೋಡು, ಸಾಕು’ ಎನ್ನುವ ಹಾಗೆ ಕೇಳಿಸಿತು. ತಪ್ಪು ನನ್ನದೇ. ಅಪ್ಪಣೆಯ ವಾಕ್ಯಕ್ಕೆ ‘ಜಸ್ಟ್’ ಸೇರಿದರೆ ಅದು ಎರಡು ಕಡೆಗೆ ವಾಲುತ್ತದೆ. ‘ಜಸ್ಟ್ ಸೈನ್ ಹಿಯರ್’ ಅಂದರೆ ‘ಇಲ್ಲೊಂದು ಸಹಿ ಹಾಕಿಬಿಡಿ, ಅಷ್ಟೇ ಕೆಲಸ’. ‘ಜಸ್ಟ್ ಗೋ!’ ಅಂದರೆ ‘ಹೋಗಾಚೆ!’ ಅದರ ಮೇಲೆ ‘ಯೂ’ ಅಂತ ಬೆರಳು ತೋರಿಸಿದರಂತೂ ಮುಗಿಯಿತು. ‘ಕುಡ್ ಯೂ ಜಸ್ಟ್ ಚೆಕ್ ಇಟ್’ ಎಂದು ಪ್ರಶ್ನೆಯಾಗಿ ಕೇಳಿದ್ದರೆ ಬಚಾವಾಗುತ್ತಿದ್ದೆ.

ಅದರಲ್ಲೂ ಒಂದು ಎಚ್ಚರ ಇರಲಿ. ಇನ್ನೊಬ್ಬರ ಕೆಲಸಕ್ಕೆ ‘ಜಸ್ಟ್’ ಹಚ್ಚಿದರೆ ಆ ಕೆಲಸವನ್ನೇ ಚಿಕ್ಕದು ಮಾಡಿದ ಹಾಗೆ. ‘ಜಸ್ಟ್ ಒನ್ ಸ್ಮಾಲ್ ಚೇಂಜ್’ ಎಂಬ ಮಾತು ಕೇಳಿ ರಾತ್ರಿಯಿಡೀ ಕೂತವರನ್ನು ಕೇಳಿ ನೋಡಿ, ಹೇಳುತ್ತಾರೆ.

ಹಾಗಾದರೆ ನಿಮಗೆ ಬಂದ ಮೇಲ್‌ನಲ್ಲಿದ್ದ ‘ಐ ಜಸ್ಟ್ ವಾಂಟೆಡ್ ಟು ಆಸ್ಕ್’? ಇಲ್ಲಿ ‘ಈಗ ತಾನೇ’ಗೆ ಸಂಬಂಧವೇ ಇಲ್ಲ. ಇಲ್ಲಿ ಪದ ಮಾಡುವುದು ಮಾತನ್ನು ಮೆತ್ತಗೆ ಮಾಡುವ ಕೆಲಸ. ‘ಏನಿಲ್ಲ, ಒಂದು ವಿಷಯ ಕೇಳೋಣ ಅಂತ’ ಎಂದು ನಾವು ಫೋನಿನಲ್ಲಿ ಶುರು ಮಾಡುತ್ತೇವಲ್ಲ, ಥೇಟ್ ಅದೇ. ಆ ‘ಏನಿಲ್ಲ’ವೇ ಅಲ್ಲಿನ ‘ಜಸ್ಟ್’. ‘ವಾಂಟೆಡ್’ ಎಂಬ ಭೂತಕಾಲವೂ ಮೆತ್ತಗೆ ಮಾಡಲಿಕ್ಕೇ, ಕೇಳಬೇಕು ಅನ್ನುವ ಆಸೆ ಕಳೆದುಹೋಗಿದೆ ಅಂತ ಅಲ್ಲ. ಒಂದು ಮೇಲಿನಲ್ಲಿ ಇದು ಒಮ್ಮೆ ಬಂದರೆ ವಿನಯ. ನಾಲ್ಕು ಸಾಲಿನಲ್ಲಿ ನಾಲ್ಕು ಸಲ ಬಂದರೆ ಬರೆದವರು ಬಾಗಿಲ ಬಳಿ ನಿಂತು ಹಿಂಜರಿಯುತ್ತಿರುವ ಹಾಗೆ ಕಾಣುತ್ತದೆ. ನಾನಂತೂ ಕಳಿಸುವ ಮೊದಲು ಒಂದೆರಡನ್ನು ಅಳಿಸುತ್ತೇನೆ.

ಉಳಿದವು ಹೆಚ್ಚಾಗಿ ನುಡಿಗಟ್ಟುಗಳು, ಇಡಿಯಾಗಿ ನುಂಗಬೇಕಾದವು. ‘ಜಸ್ಟ್ ಇನ್ ಕೇಸ್’ ಅಂದರೆ ‘ಯಾವುದಕ್ಕೂ ಇರಲಿ ಅಂತ’. ‘ಜಸ್ಟ್ ಅಬೌಟ್’ ಅಂದರೆ ‘ಹೆಚ್ಚುಕಮ್ಮಿ’. ‘ಜಸ್ಟ್ ಮೈ ಲಕ್!’ ಅಂದರೆ ‘ನನ್ನ ಹಣೆಬರಹವೇ ಇಷ್ಟು!’ ಹೊರಗೆ ಮಳೆ ನೋಡಿ ‘ಜಸ್ಟ್ ಆ್ಯಸ್ ವೆಲ್ ಐ ಬ್ರಾಟ್ ಆ್ಯನ್ ಅಂಬ್ರೆಲಾ’ ಅಂದರೆ ‘ಸದ್ಯ, ಛತ್ರಿ ತಂದಿದ್ದೆ!’ ಆ ‘ಸದ್ಯ’ ಎಂಬ ಒಂದು ಪದ ಅವರ ಮೂರು ಪದಕ್ಕೆ ಸಮ ನೋಡಿ. ‘ಇಟ್ ಮೈಟ್ ಜಸ್ಟ್ ವರ್ಕ್’ ಅಂದರೆ ‘ಹೇಳೋಕಾಗಲ್ಲ, ಆದರೂ ಆಗಬಹುದು’. ‘ಇಟ್ಸ್ ಜಸ್ಟ್ ಬ್ಯೂಟಿಫುಲ್’ ಅಂದರೆ ಮಾತ್ರ ‘ಬರೀ ಚಂದ’ ಅಂದುಕೊಳ್ಳಬೇಡಿ. ಅದು ‘ಎಷ್ಟು ಚಂದ ಅಂದರೆ, ಬೇರೆ ಮಾತೇ ಇಲ್ಲ’ ಎನ್ನುವುದು.

ಕೊನೆಗೆ ‘ಐ ಆ್ಯಮ್ ಜಸ್ಟ್ ಕಮಿಂಗ್’. ಇದು ‘ಈಗ ತಾನೇ’ ಅಲ್ಲ, ‘ಇನ್ನೇನು’. ಇದಕ್ಕೆ ಕನ್ನಡದಲ್ಲಿ ನಮ್ಮದೇ ಆದ ಜಾಣತನ ಇದೆ. ಬಾಗಿಲಲ್ಲಿ ಯಾರೋ ಕರೆದರೆ ಒಳಗಿನಿಂದ ‘ಬಂದೆ, ಬಂದೆ’ ಎಂದು ಕೂಗುತ್ತೇವೆ. ಭೂತಕಾಲ! ಆಗಿನ್ನೂ ಕುರ್ಚಿಯಿಂದ ಎದ್ದಿರುವುದೂ ಇಲ್ಲ.