ಅಂಚಿನಲ್ಲಿ ಬಿಚ್ಚಿಕೊಳ್ಳುವ ಪದರಗಳು

'ಕಾರ್ಬನ್ ಫೈಬರ್ ಉಕ್ಕಿಗಿಂತ ಗಟ್ಟಿ' ಎಂದು ಯಾರಾದರೂ ಹೇಳಿದಾಗಲೆಲ್ಲ ನನಗೆ ಕೇಳಬೇಕೆನಿಸುತ್ತದೆ: ಯಾವ ದಿಕ್ಕಿನಲ್ಲಿ? ಎಳೆಯ ಉದ್ದಕ್ಕೆ ಜಗ್ಗಿದರೆ ಮಾತು ನಿಜ. ಆದರೆ ಪದರದ ಮೇಲೆ ಪದರವಿಟ್ಟು ಬೇಯಿಸಿದ ಹಲಗೆಯಲ್ಲಿ, ಎರಡು ಪದರಗಳ ನಡುವೆ ಇರುವುದು ಎಪಾಕ್ಸಿ ಅಂಟು ಮಾತ್ರ. ಹಲಗೆ ಎಷ್ಟೋ ಸಲ ಸೋಲುವುದು ಅಲ್ಲಿಯೇ, ಅದೂ ಅಂಚಿನಿಂದ ಶುರುವಾಗಿ.

ಕತ್ತರಿಸಿದ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ಒಂದು ಮಿಲಿಮೀಟರಿನಲ್ಲಿ ಸುಮಾರು 8 ಪದರಗಳು ಗೆರೆಗೆರೆಯಾಗಿ ಕಾಣುತ್ತವೆ. ಈಗ ಹಲಗೆಯನ್ನು ಉದ್ದಕ್ಕೆ ಎಳೆಯಿರಿ. ರಬ್ಬರ್ ಬ್ಯಾಂಡಿನಂತೆ ಅದರ ಅಗಲ ಕುಗ್ಗಬೇಕು. ಉದ್ದೆಳೆಯ ಪದರ ಧಾರಾಳವಾಗಿ ಕುಗ್ಗಲು ಹೊರಡುತ್ತದೆ. ಅಡ್ಡೆಳೆಯ ಪದರದಲ್ಲಿ ಗಡಸು ಎಳೆಗಳು ತೊಲೆಗಳಂತೆ ಅಡ್ಡ ಮಲಗಿವೆ. ಅದು ಜಪ್ಪಯ್ಯ ಎಂದರೂ ಕುಗ್ಗುವುದಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ. ಹಲಗೆಯ ನಡುಭಾಗದಲ್ಲಿ ಈ ಜಗ್ಗಾಟ ಪದರಗಳ ಒಳಗೇ ಸರಿದೂಗುತ್ತದೆ. ಅಂಚಿನಾಚೆ ಹಿಡಿದುಕೊಳ್ಳಲು ಏನೂ ಇಲ್ಲ, ಹಾಗಾಗಿ ಅಲ್ಲಿ ಪದರದ ಅಡ್ಡಬಲ ಸೊನ್ನೆಯಾಗಲೇಬೇಕು. ಅದರ ಹೊರೆ ಅಂಟಿನ ಮೇಲೆ ಬೀಳುತ್ತದೆ. ಮೇಲಿನ ಉದ್ದೆಳೆಯ ಪದರವನ್ನು ಅದರ ನಡುಮಟ್ಟದಲ್ಲಿ ಒಂದು ಬಲ ಒಳಕ್ಕೆ ಎಳೆಯುತ್ತದೆ, ತಳದಲ್ಲಿ ಅಂಟು ಹೊರಕ್ಕೆ ಎಳೆಯುತ್ತದೆ. ಎರಡೂ ಒಂದೇ ಗೆರೆಯಲ್ಲಿಲ್ಲ. ಆದ್ದರಿಂದ ಅಂಚು ಮೇಲಕ್ಕೇಳಲು ನೋಡುತ್ತದೆ, ಚಮಚದ ಹಿಡಿಯಿಂದ ಡಬ್ಬದ ಮುಚ್ಚಳ ಮೀಟಿದ ಹಾಗೆ, ಮಳೆಯಲ್ಲಿ ನೆನೆದು ಒಣಗಿದ ಪುಸ್ತಕದ ರಟ್ಟು ಬದಿಯಲ್ಲಿ ಸೆಟೆದೇಳುವ ಹಾಗೆ.

ಹಲಗೆಯನ್ನು ತೆಳು ಹಾಳೆಯೆಂದೇ ಎಣಿಸುವ ಹಳೆಯ ಸಿದ್ಧಾಂತಕ್ಕೆ ಇದು ಕಾಣುವುದಿಲ್ಲ. 1970ರಲ್ಲಿ ಬೈರನ್ ಪೈಪ್ಸ್ ಮತ್ತು ನಿಕೊಲಸ್ ಪಗಾನೊ ಎಂಬ ಸಂಶೋಧಕರು, ಓರೆ ಎಳೆಗಳ ಹಲಗೆಯೊಂದನ್ನು ಮೂರೂ ಆಯಾಮಗಳಲ್ಲಿ ಲೆಕ್ಕ ಹಾಕಿದರು. ಪದರಗಳ ನಡುವಿನ ಬಲ ಅಂಚಿನಲ್ಲಿ ವಿಪರೀತ ಏರಿ, ಹೆಚ್ಚುಕಡಿಮೆ ಹಲಗೆಯ ದಪ್ಪದಷ್ಟು ಒಳಗೆ ಹೋಗುವಷ್ಟರಲ್ಲಿ ಕರಗಿಹೋಗುತ್ತಿತ್ತು. ಎರಡು ಮಿಲಿಮೀಟರ್ ದಪ್ಪದ ಹಲಗೆಯಾದರೆ ಎರಡೇ ಮಿಲಿಮೀಟರ್!

ನನಗೆ ಇದಕ್ಕಿಂತ ಸೋಜಿಗವೆನಿಸಿದ್ದು ಪದರಗಳ ಸರದಿಯ ಮಹಿಮೆ. ಉದ್ದೆಳೆ ಹೊರಗೆ, ಅಡ್ಡೆಳೆ ಒಳಗೆ ಇದ್ದರೆ ಎಳೆದಾಗ ಅಂಚು ಬಾಯಿಬಿಡಲು ನೋಡುತ್ತದೆ. ಸರದಿ ಅದಲುಬದಲು ಮಾಡಿ, ಅದೇ ಅಂಚು ಬಿಗಿಯಾಗಿ ಒತ್ತಿಕೊಳ್ಳುತ್ತದೆ. ಅದೇ ಎಳೆ, ಅದೇ ಅಂಟು, ಅದೇ ತೂಕ. ಆದರೆ ಎಳೆಯುವ ಬದಲು ಅದುಮಿದರೆ ಲೆಕ್ಕ ತಿರುಗುಮುರುಗು. ವಿಮಾನದ ರೆಕ್ಕೆಯಂತೂ ಹಾರುವಾಗ ಒಂದು ಕಡೆ ಬಾಗಿದರೆ ನೆಲಕ್ಕಿಳಿದಾಗ ಇನ್ನೊಂದು ಕಡೆ ಬಾಗುತ್ತದೆ, ಆದ್ದರಿಂದ ಸರದಿಯೊಂದನ್ನೇ ನಂಬಿ ಕೂರುವಂತಿಲ್ಲ. ಅಂಚನ್ನು ಹೊಲಿಯುತ್ತಾರೆ, ಮಡಚಿ ಮುಚ್ಚುತ್ತಾರೆ, ಪದರಗಳ ನಡುವೆ ಮೆತ್ತನೆಯ ಅಂಟುಹಾಳೆ ಇಡುತ್ತಾರೆ. ಬೆಂಗಳೂರಿನಲ್ಲಿ ರೂಪುಗೊಂಡ ತೇಜಸ್ ಯುದ್ಧವಿಮಾನದ ರೆಕ್ಕೆಯ ಹೊದಿಕೆಯೂ ಇಂಥ ಕಾರ್ಬನ್ ಪದರಗಳದ್ದೇ. ಅಲ್ಲಿ ಬೋಲ್ಟಿಗಾಗಿ ಕೊರೆದ ಒಂದೊಂದು ತೂತಿನ ಸುತ್ತಲೂ ಒಂದೊಂದು ಹೊಸ ಅಂಚು ಇರುತ್ತದೆ.